ಒಂದೇ ಬೆಟ್ಟದ 27 ಚಿತ್ರಗಳು

(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಋತುಗಳ ಛಾಯಾಚಿತ್ರಗಳನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಮಗೆ ಮೊದಲು ಆದದ್ದು ಸಂಕೋಚ. ನಾವು ಚಿತ್ರಕಾರರಲ್ಲ. ಹತ್ತನೆಯ ತರಗತಿಯವರೆಗೆ ಓದಿದವರು. ಭಿವಂಡಿ ಬದಿಯ ಒಂದು ಬಟ್ಟೆ ಗಿರಣಿಯಲ್ಲಿ ಗುಮಾಸ್ತರು. ದಿನವಿಡೀ ಥಾನುಗಳ ಲೆಕ್ಕ ಬರೆಯುವುದು, ರವಿವಾರ ಇಲ್ಲಿಗೆ ಬಂದು ಪತ್ರಿಕೆಗಳನ್ನು ಹೊಂದಿಸಿಡುವುದು, ಇಷ್ಟೇ ನಮ್ಮ ಉದ್ಯೋಗ. ನಮ್ಮ ದೊಡ್ಡಪ್ಪನವರು ದುಡಿದ ಪರಳದ ಗಿರಣಿಗಳು 1982ರ ಮುಷ್ಕರದ ನಂತರ ಒಂದೊಂದಾಗಿ ಮುಚ್ಚಿಹೋದವು; ನಾವು ಅಂಬರನಾಥದ ಚಾಳಿಗೆ ಬಂದು ನೆಲಸಿದೆವು. ದುಬಾರಿ ಕ್ಯಾಮರಾ ನಮ್ಮಲ್ಲಿಲ್ಲ. ಇರುವುದು ತಮ್ಮೆಲ್ಲರ ಜೇಬಿನಲ್ಲಿರುವಂಥದೇ ಒಂದು ಮೊಬೈಲು. ಆದರೂ ಮೂರು ವರ್ಷಗಳಿಂದ ಒಂದು ಕೆಲಸವನ್ನು ಬಿಡದೆ ಮಾಡಿಕೊಂಡು ಬಂದಿದ್ದೇವೆ. ಅದನ್ನು ಏಕೆ ಆರಂಭಿಸಿದೆವು, ಅದರಿಂದ ಏನು ಕಲಿತೆವು ಎಂಬುದನ್ನು ಇದ್ದದ್ದು ಇದ್ದಂತೆ ತಮ್ಮ ಮುಂದಿಡುತ್ತೇವೆ.

ಮೊದಲು ಕಾರಣವನ್ನು ಹೇಳಬೇಕು. ಅದು ಸ್ವಲ್ಪ ಮನೆಯ ಮಾತು, ಮನ್ನಿಸಬೇಕು.

ನಮ್ಮ ಊರು ವಿಜಯಪುರ ಜಿಲ್ಲೆಯ ಒಂದು ಹಳ್ಳಿ. ಎರೆಹೊಲದ ಸೀಮೆ. ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ ಬಿದ್ದರೆ ಅದೇ ಭಾಗ್ಯ. ನಮ್ಮ ತಂದೆಯವರು ಹಿಂಗಾರಿ ಜೋಳ ಬೆಳೆಯುತ್ತಿದ್ದರು. ಉತ್ತರೆ, ಹಸ್ತದ ಹೊತ್ತಿಗೆ ಬಿತ್ತಿಗೆ. ಎಳ್ಳಮಾವಾಸ್ಯೆಗೆ ಆಳೆತ್ತರದ ಜೋಳ, ನಡುನಡುವೆ ಕುಸುಬಿಯ ಸಾಲು. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಂಡು ಬರುವುದು. ಅದಾದ ಮೇಲೆ ಸೀತನಿಯ ದಿನಗಳು. ಸುಗ್ಗಿ ಮುಗಿಯುವುದು ಫೆಬ್ರವರಿ, ಮಾರ್ಚಿಗೆ.

ಈಗ ನಮ್ಮ ರಜೆಯ ಲೆಕ್ಕ ನೋಡಿರಿ. ಮಕ್ಕಳ ಶಾಲೆಗೆ ಸೂಟಿ ಬರುವುದು ಮೇ ತಿಂಗಳಲ್ಲಿ. ಗಿರಣಿಯಲ್ಲಿ ರಜೆ ಕೊಡುವುದೂ ಆಗಲೇ. ಹದಿನೈದು ವರ್ಷ ನಾವು ಊರಿಗೆ ಹೋದದ್ದು ಹೆಚ್ಚಾಗಿ ಮೇ ತಿಂಗಳಲ್ಲಿ. ಒಮ್ಮೊಮ್ಮೆ ದೀಪಾವಳಿಗೆ ಎರಡು ದಿನ, ಅದೂ ಟಿಕೀಟು ಸಿಕ್ಕರೆ. ಹೋದಾಗಲೆಲ್ಲ ಮೊಬೈಲು ಹಿಡಿದು ಹೊಲಕ್ಕೆ ಹೋಗಿ ಚಿತ್ರ ತೆಗೆದದ್ದೇ ತೆಗೆದದ್ದು. ಅಪ್ಪ ಬದುವಿನ ಮೇಲೆ ನಿಂತದ್ದು, ಅಪ್ಪ ಬೇವಿನ ಮರದ ಬುಡಕ್ಕೆ ಕುಳಿತದ್ದು, ಎತ್ತುಗಳು, ಬಾವಿ.

2021ರಲ್ಲಿ ಅಪ್ಪ ತೀರಿಕೊಂಡರು. ವರ್ಷಾಂತಿಕಕ್ಕೆ ಊರಿಗೆ ಹೋದಾಗ ಅವರ ಪಟದ ಪಕ್ಕದಲ್ಲಿ ಹೊಲದ್ದೊಂದು ದೊಡ್ಡ ಚಿತ್ರ ಕಟ್ಟು ಹಾಕಿಸಿ ತೂಗಹಾಕಬೇಕೆಂದು ನಮ್ಮ ಮನಸ್ಸಿನಲ್ಲಿತ್ತು. ಇದ್ದ ಚಿತ್ರಗಳನ್ನೆಲ್ಲ ಅವ್ವನಿಗೆ ಒಂದೊಂದಾಗಿ ತೋರಿಸಿದೆವು. ಅವಳು ಎಲ್ಲವನ್ನೂ ನೋಡಿದಳು. ಕೊನೆಗೆ, “ಮಗಾ, ಇದ್ರಾಗ ಹೊಲ ಎಲ್ಲೈತಿ?” ಎಂದಳು.

ನಾವು, “ಇದೇ ಅಲ್ಲೇನವ್ವಾ ಹೊಲ?” ಎಂದೆವು.

“ಇದು ಬ್ಯಾಸಿಗಿ ಹೊಲ. ಬರೀ ಹೆಂಟಿ. ನಿಮ್ಮಪ್ಪ ಇದ್ದದ್ದು ಜ್ವಾಳದ ಹೊಲದಾಗ” ಎಂದಳು.

ಬಂಧುಗಳೇ, ಆಗ ನಾವು ಮತ್ತೊಮ್ಮೆ ಹುಡುಕಿ ನೋಡಿದೆವು. ಅವಳ ಮಾತು ನಿಜವಾಗಿತ್ತು. ಬಿರುಕು ಬಿಟ್ಟ ಎರೆ, ಉತ್ತು ಬಿಟ್ಟ ಹೆಂಟೆ, ಬಿಳಿಯ ಆಕಾಶ. ಹದಿನೈದು ವರ್ಷಗಳಲ್ಲಿ ಜೋಳ ನಿಂತ ಹೊಲದ ಚಿತ್ರ ಒಂದೂ ಇರಲಿಲ್ಲ. ಅಪ್ಪ ತಮ್ಮ ಆಯುಷ್ಯವನ್ನು ಕಳೆದ ಹೊಲ ನಮ್ಮ ಬಳಿ ಇರಲೇ ಇಲ್ಲ. ಅವರು ಬಿಡುವಾಗಿ ಕುಳಿತ ಒಂದು ತಿಂಗಳು ಮಾತ್ರ ಇತ್ತು. ಆ ಮುಂದಿನ ವರ್ಷವೇ ಕಾಲುವೆಯ ನೀರು ಬಂದಿತು; ತಮ್ಮನು ಕಬ್ಬು ಹಚ್ಚಿದನು. ಒಳ್ಳೆಯದೇ ಆಯಿತು, ಸಾಲ ತೀರುತ್ತಿದೆ. ಆದರೆ ಆ ಜೋಳದ ಚಿತ್ರ ನಮ್ಮಲ್ಲಿಲ್ಲ. ಇನ್ನು ಬರುವುದೂ ಇಲ್ಲ.

ಈ ಕೊರತೆ ನಮ್ಮೊಬ್ಬರದೇ ಅಲ್ಲವೆಂದು ತೋರುತ್ತದೆ. ಇಲ್ಲಿ ಕುಳಿತವರಲ್ಲಿ ಉಡುಪಿ ಕಡೆಯಿಂದ ಬಂದು ಹೋಟೆಲಿನಲ್ಲಿ ದುಡಿಯುವವರಿದ್ದೀರಿ, ಕಲಬುರಗಿಯಿಂದ ಕಟ್ಟಡದ ಕೆಲಸಕ್ಕೆ ಬಂದವರಿದ್ದೀರಿ, ಕಚೇರಿಗಳಲ್ಲಿ ಬರೆಯುವವರಿದ್ದೀರಿ. ತಮ್ಮ ತಮ್ಮ ಮೊಬೈಲಿನಲ್ಲಿ ಊರಿನ ಚಿತ್ರಗಳನ್ನು ತೆಗೆದು ನೋಡಿರಿ. ನಮ್ಮ ಊರಿಗೆ ನಾವು ಒಂದೇ ಋತುವನ್ನು ಉಳಿಸಿದ್ದೇವೆ, ಅದು ರಜೆಯ ಋತು. ಇನ್ನು ದುಡಿಯುವ ಊರಿನ ಮಾತು ಬಂದರೆ, “ಮುಂಬಯಿಯಲ್ಲಿ ಏನಿದೆ? ಸೆಕೆ ಒಂದು, ಮಳೆ ಒಂದು, ಮೂರನೆಯ ಋತುವೇ ಇಲ್ಲ” ಎನ್ನುತ್ತೇವೆ. ಹೀಗೆ ಒಂದು ಊರನ್ನು ವರ್ಷಕ್ಕೊಮ್ಮೆ ನೋಡಿ, ಇನ್ನೊಂದನ್ನು ನೋಡದೆಯೇ ಇದ್ದು ನಮ್ಮ ವಯಸ್ಸು ಕಳೆಯುತ್ತಿದೆ.

ವರ್ಷಾಂತಿಕ ಮುಗಿಸಿ ತಿರುಗಿ ಬಂದ ಮೇಲೆ ನಾವು ಒಂದು ನಿಶ್ಚಯ ಮಾಡಿದೆವು. ಕಣ್ಣೆದುರಿಗೆ ಹನ್ನೆರಡು ತಿಂಗಳೂ ಇರುವ ಒಂದು ನೋಟವನ್ನಾದರೂ ಪೂರ್ತಿಯಾಗಿ ಕಾಣಬೇಕು. ನಮ್ಮ ಚಾಳಿನ ಗಚ್ಚಿಯ ಮೇಲೆ ನಿಂತರೆ ದಕ್ಷಿಣಕ್ಕೆ ಮಲಂಗಗಡದ ಬೆಟ್ಟ ಕಾಣುತ್ತದೆ. ಹಾಜಿ ಮಲಂಗ ದರ್ಗಾ ಇರುವ ಬೆಟ್ಟ. ತಮ್ಮಲ್ಲಿ ಅನೇಕರು ಹತ್ತಿ ಬಂದಿದ್ದೀರಿ. ಅದರ ಮುಂದೆ ಒಂದು ನೀರಿನ ಟಾಕಿ, ಟಾಕಿಯ ಮಗ್ಗುಲಿಗೆ ಒಂದು ಅರಳಿಯ ಮರ. ಈ ಮೂರೇ ವಸ್ತು ನಮ್ಮ ಚಿತ್ರಕ್ಕೆ ಸಾಕೆಂದುಕೊಂಡೆವು.

ಯಾವಾಗ ತೆಗೆಯಬೇಕು? ತಿಂಗಳಿಗೊಮ್ಮೆ ಎಂದರೆ ಅಂತರ ಹೆಚ್ಚಾಯಿತು. ಪಂಚಾಂಗದ ಆರು ಋತುಗಳನ್ನು ಹಿಡಿದರೆ ಕೊಂಕಣದ ಮಳೆ ವರ್ಷ ಋತುವಿಗೆ ಕಾಯುವುದಿಲ್ಲ; ಗ್ರೀಷ್ಮದಲ್ಲಿಯೇ ಸುರಿಯತೊಡಗುತ್ತದೆ. ಆಗ ಅಪ್ಪ ಬಳಸುತ್ತಿದ್ದ ಲೆಕ್ಕ ನೆನಪಿಗೆ ಬಂದಿತು: ಮಳೆಯ ನಕ್ಷತ್ರಗಳು. ಸೂರ್ಯನು ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟುತ್ತಾನೆ. ಒಂದೊಂದಕ್ಕೆ 13 ಅಥವಾ 14 ದಿನ. ಹೆಚ್ಚುಕಡಿಮೆ ಮೇ 25ಕ್ಕೆ ರೋಹಿಣಿ, ಜೂನ್ 8ಕ್ಕೆ ಮೃಗಶಿರಾ, ಜೂನ್ 22ಕ್ಕೆ ಆರಿದ್ರಾ, ಹೀಗೆ ಸಾಗುತ್ತದೆ. ನಮ್ಮ ರೈತರು ಬಿತ್ತುವುದನ್ನೂ ಹರಗುವುದನ್ನೂ ಈ ಲೆಕ್ಕದಲ್ಲಿಯೇ ಹೇಳುತ್ತಾರೆ. ಗೋಡೆಯ ಮೇಲಿನ ಕನ್ನಡ ಕ್ಯಾಲೆಂಡರಿನಲ್ಲಿ ಇದು ಅಚ್ಚಾಗಿಯೇ ಇರುತ್ತದೆ. ನಕ್ಷತ್ರ ಹುಟ್ಟಿದ ಮೇಲಿನ ಮೊದಲ ರವಿವಾರ, ಹೊತ್ತು ಮೂಡಿದ ಒಂದು ಗಂಟೆಗೆ ಒಂದು ಚಿತ್ರ, ವರ್ಷಕ್ಕೆ 27. ಇದು ನಮ್ಮ ನೇಮವಾಯಿತು. ಮೊದಲ ಚಿತ್ರವನ್ನು 2022ರ ಜೂನ್ 12ರಂದು, ಮೃಗಶಿರಾದಲ್ಲಿ ತೆಗೆದೆವು.

ಇನ್ನು ತೆಗೆಯುವ ರೀತಿ. ಇಲ್ಲಿ ನಾವು ಮಾಡಿದ ತಪ್ಪುಗಳೇ ತಮಗೆ ಉಪಯೋಗವಾದಾವು.

ಮೊದಲನೆಯದು, ನಿಲ್ಲುವ ಜಾಗ. ಮೊದಲ ನಾಲ್ಕು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಬೆಟ್ಟವು ಒಮ್ಮೆ ಟಾಕಿಯ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗಿತ್ತು. ಬೆಟ್ಟ ನಡೆಯುವುದಿಲ್ಲ, ನಡೆದವರು ನಾವೇ. ಆದುದರಿಂದ ಗಚ್ಚಿಯ ನೆಲದ ಮೇಲೆ ಎರಡು ಪಾದಗಳ ಗುರುತನ್ನು ಬಣ್ಣದಿಂದ ಬರೆದೆವು. ಮುಂದಿನ ಟಾಕಿಯ ಮೂಲೆ ಹಿಂದಿನ ಬೆಟ್ಟದ ಕೊರಕಲಿಗೆ ಸರಿಯಾಗಿ ತಾಗುವಂತೆ ನೋಡಿಕೊಂಡೆವು. ಹತ್ತಿರದ್ದೊಂದು, ದೂರದ್ದೊಂದು, ಎರಡು ಗುರುತು ಒಂದಕ್ಕೊಂದು ಕೂಡಿದರೆ ನಿಂತ ಜಾಗ ತಪ್ಪುವುದಿಲ್ಲ. ಮೊಬೈಲನ್ನು ಕಟ್ಟೆಯ ಮೇಲೆ ಊರಿ ಹಿಡಿಯಬೇಕು. ಬೆರಳಿನಿಂದ ಹಿಗ್ಗಿಸಿ ಹತ್ತಿರ ತರಬಾರದು. ನಾವು ನೆಲಕ್ಕೆ ಬಣ್ಣ ಬಳಿಯುವುದನ್ನು ಕಂಡ ಪಕ್ಕದ ಖೋಲಿಯ ಆಜೋಬಾ, ಮನೆ ಕೆಡವುವುದಕ್ಕೆ ಅಳತೆ ನಡೆದಿದೆಯೆಂದು ತಿಳಿದು ಚಾಳಿಗೆಲ್ಲ ಸುದ್ದಿ ಮಾಡಿದ್ದರು. ಆ ಗಾಬರಿಯನ್ನು ಇಳಿಸಲು ನಮಗೆ ಎರಡು ದಿನ ಬೇಕಾದವು.

ಎರಡನೆಯದು, ಬೆಳಕು. ಡಿಸೆಂಬರಿನ ಚಿತ್ರಗಳಲ್ಲಿ ಬೆಟ್ಟವು ಕತ್ತರಿಸಿ ಅಂಟಿಸಿದ ನೀಲಿ ಕಾಗದದಂತೆ ಬರುತ್ತಿತ್ತು. ಗಿಡವೂ ಕಾಣದು, ಬಂಡೆಯೂ ಕಾಣದು. ಮೊಬೈಲು ಕೆಟ್ಟಿತೆಂದು ಎಣಿಸಿದೆವು. ಕೆಟ್ಟದ್ದು ಮೊಬೈಲಲ್ಲ. ನಮ್ಮ ಈ ಅಕ್ಷಾಂಶದಲ್ಲಿ ಸೂರ್ಯನು ಜೂನ್ ಕೊನೆಗೆ ನೇರ ಪೂರ್ವಕ್ಕಿಂತ ಸುಮಾರು 25 ಅಂಶ ಉತ್ತರಕ್ಕೆ ಮೂಡುತ್ತಾನೆ. ಡಿಸೆಂಬರ್ ಕೊನೆಗೆ ಅಷ್ಟೇ ದಕ್ಷಿಣಕ್ಕೆ. ಆರು ತಿಂಗಳಲ್ಲಿ ಮೂಡುವ ಜಾಗ 50 ಅಂಶ ಸರಿಯುತ್ತದೆ. ನಮಗೆ ಕಾಣುವುದು ಬೆಟ್ಟದ ಉತ್ತರದ ಮೈ. ಬೇಸಿಗೆಯಲ್ಲಿ ಮುಂಜಾನೆಯ ಬಿಸಿಲು ನಮ್ಮ ಬೆನ್ನಿನ ಕಡೆಯಿಂದ ಬಂದು ಆ ಮೈಯನ್ನು ಬೆಳಗುತ್ತದೆ; ಚಳಿಗಾಲದಲ್ಲಿ ಸೂರ್ಯನು ಬೆಟ್ಟದ ಬದಿಗೇ ಇರುವುದರಿಂದ ಆ ಮೈ ನೆರಳಿನಲ್ಲಿರುತ್ತದೆ. ಅದರ ಮೇಲೆ ಚಳಿಗಾಲದ ಮುಂಜಾನೆ ತಂಪು ಗಾಳಿ ನೆಲಕ್ಕೆ ಕವಿದು ಹೊಗೆಧೂಳನ್ನು ಮೇಲೇರಗೊಡದೆ ಹಿಡಿದಿಡುತ್ತದೆ. ಋತು ಎಂದರೆ ಗಿಡದ ಎಲೆ ಬದಲಾಗುವುದಷ್ಟೇ ಎಂದು ತಿಳಿದಿದ್ದೆವು. ಬೆಳಕೂ ಬದಲಾಗುತ್ತದೆ, ನಾವು ಉಸಿರಾಡುವ ಗಾಳಿಯೂ ಬದಲಾಗುತ್ತದೆ. ತಾವು ಜಾಗ ಆರಿಸುವಾಗ ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದ್ದೀರಿ ಎಂಬುದನ್ನು ಮೊದಲು ನೋಡಿಕೊಳ್ಳಿರಿ.

ಮೂರನೆಯದು, ಮೊಬೈಲಿನ ಜಾಣತನ. ಅದು ಎಲ್ಲವನ್ನೂ ಚೆಂದ ಮಾಡಲು ಹೋಗುತ್ತದೆ. ಒಣಹುಲ್ಲಿಗೆ ಹಸಿರು ಕೂಡಿಸುತ್ತದೆ, ಬೂದು ಆಕಾಶಕ್ಕೆ ನೀಲಿ ಬಳಿಯುತ್ತದೆ. ದೃಶ್ಯವನ್ನು ತಾನೇ ಗುರುತಿಸಿ ತಿದ್ದುವ ಆ ಏರ್ಪಾಡನ್ನು ಮುಚ್ಚಿಬಿಡಬೇಕು. ಬಣ್ಣವನ್ನು ಹೊಂದಿಸುವ ಕೆಲಸವನ್ನೂ ಅದಕ್ಕೆ ಬಿಡಬಾರದು. ಅನೇಕ ಮೊಬೈಲುಗಳಲ್ಲಿ ‘ಪ್ರೊ’ ಎಂಬ ವಿಭಾಗದಲ್ಲಿ ‘ಡಬ್ಲ್ಯುಬಿ’ ಎಂದಿರುತ್ತದೆ. ಅಲ್ಲಿ ಸೂರ್ಯನ ಗುರುತನ್ನು ಒತ್ತಿ ವರ್ಷಪೂರ್ತಿ ಹಾಗೆಯೇ ಇಡಬೇಕು. ಇಲ್ಲವಾದರೆ ಬೇಸಿಗೆಯ ಹಳದಿಯೂ ಮಳೆಗಾಲದ ನೀಲಿಯೂ ಒಂದೇ ಆಗಿಬಿಡುತ್ತವೆ. ಮಂಜು ಕವಿದ ದಿನ ಮೊಬೈಲು ಬಿಳುಪನ್ನು ಕಂಡು ಹೆದರಿ ಚಿತ್ರವನ್ನು ಕಪ್ಪಾಗಿಸುತ್ತದೆ. ಪರದೆಯನ್ನು ಒತ್ತಿ ಬೆರಳನ್ನು ಮೇಲಕ್ಕೆ ಸರಿಸಿದರೆ ಸರಿಹೋಗುತ್ತದೆ. ಮಳೆಯಲ್ಲಿ ಮೊಬೈಲನ್ನು ಕೊಡೆಯ ಒಳಗೇ ಇಟ್ಟುಕೊಂಡು, ಗಾಜಿನ ಮೇಲೆ ಹನಿ ಬಿದ್ದರೆ ಮೆತ್ತಗಿನ ಹತ್ತಿಬಟ್ಟೆಯಿಂದ ಒರಸಬೇಕು. ಬಟ್ಟೆ ಗಿರಣಿಯವರಿಗೆ ಅದಕ್ಕೆ ಬರವಿಲ್ಲ.

ನಾಲ್ಕನೆಯದು, ಬಹಳ ಮುಖ್ಯವಾದದ್ದು: ಚೆನ್ನಾಗಿ ಬರಲಿಲ್ಲವೆಂದು ಚಿತ್ರವನ್ನು ಅಳಿಸಬಾರದು. ಪುಷ್ಯ, ಆಶ್ಲೇಷಾ ಮಳೆಗಳಲ್ಲಿ ನಮ್ಮ ಚಿತ್ರಗಳಲ್ಲಿ ಬೆಟ್ಟವೇ ಇಲ್ಲ. ಟಾಕಿ ಇದೆ, ತೊಯ್ದ ಅರಳಿಯ ಮರ ಇದೆ, ಹಿಂದೆ ಬರೀ ಬಿಳುಪು. ಮೊದಲ ವರ್ಷ ಅಂಥ ಒಂದನ್ನು ಅಳಿಸಿಬಿಟ್ಟೆವು. ವರ್ಷದ ಕೊನೆಗೆ ಎಲ್ಲವನ್ನೂ ಸಾಲಾಗಿ ನೋಡಿದಾಗ ಬೆಟ್ಟ ಮರೆಯಾದದ್ದೇ ಆ ತಿಂಗಳ ನಿಜವಾದ ಚಿತ್ರವೆಂದು ತಿಳಿಯಿತು.

ಇನ್ನು ಈ 27 ಚಿತ್ರಗಳು ಏನು ಹೇಳುತ್ತವೆ? ಮೂರನೆಯ ಋತುವೇ ಇಲ್ಲವೆಂದ ಊರಿನ ವರ್ಷವನ್ನು ಒಮ್ಮೆ ಸುತ್ತಿ ಬರೋಣ.

ರೋಹಿಣಿಯಲ್ಲಿ ಬೆಟ್ಟ ಒಣಹುಲ್ಲಿನ ಬಣ್ಣದ್ದು, ಆಕಾಶಕ್ಕೆ ಧೂಳು. ಮಳೆ ಹಿಡಿದ ಎರಡೇ ವಾರಗಳಲ್ಲಿ ಬುಡದಿಂದ ಹಸಿರು ಏರುತ್ತದೆ. ಕಪ್ಪು ಬಂಡೆಯ ಮೇಲೆ ಬಿಳಿಯ ಗೆರೆಗಳು ಮೂಡುತ್ತವೆ; ಅವು ನೀರಿನ ಝರಿಗಳು. ಮುಂದೆ ಬೆಟ್ಟ ಕಾಣದ ವಾರಗಳು. ಹುಬ್ಬೆ, ಉತ್ತರೆಯಲ್ಲಿ ಮೋಡ ಒಡೆದು ಬಿಸಿಲು ತುಂಡುತುಂಡಾಗಿ ಬೀಳುತ್ತದೆ. ಗಾಳಿ ತೊಳೆದಿಟ್ಟಂತೆ ಇರುತ್ತದೆ. ಇಡೀ ವರ್ಷದಲ್ಲಿ ಬೆಟ್ಟ ತೀರ ಹತ್ತಿರ ಬಂದಂತೆ ತೋರುವುದು ಆಗಲೇ. ಮುಂಬಯಿಯಿಂದ ಮಳೆಗಾಲ ಹಿಂದೆ ಸರಿಯುವ ವಾಡಿಕೆಯ ದಿನ ಅಕ್ಟೋಬರ್ 8. ಚಿತ್ತಾ ಮಳೆಯ ಹೊತ್ತಿಗೆ ಹುಲ್ಲು ತೆನೆಗಟ್ಟಿ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಇದು ಒಂದು ಪ್ರತ್ಯೇಕ ಋತುವೇ ಸರಿ. ನಾವು ಅದನ್ನು ‘ಅಕ್ಟೋಬರಿನ ಸೆಕೆ’ ಎಂದು ಬೈದು ಮುಗಿಸುತ್ತೇವೆ. ಮೂಲಾ ನಕ್ಷತ್ರಕ್ಕೆ ಆ ನೀಲಿ ಕಾಗದ. ಧನಿಷ್ಠೆಯಲ್ಲಿ, ಎಂದರೆ ಫೆಬ್ರವರಿಯಲ್ಲಿ, ಸಾಗವಾನಿ ಬೋಳಾಗುತ್ತದೆ. ಹುಲ್ಲಿಗೆ ಬೆಂಕಿ ಬಿದ್ದ ಕಡೆ ಕಪ್ಪು ಮಚ್ಚೆ. ಹತ್ತಿರ ಹೋದರೆ ಮುತ್ತುಗದ ಕೆಂಪು. ಇನ್ನು ನಮ್ಮ ಮುಂದಿನ ಅರಳಿಯ ಮರ ಎಲೆ ಉದುರಿಸಿ, ಸುಡುವ ಬಿಸಿಲಿನಲ್ಲಿಯೇ ತಾಮ್ರದ ಬಣ್ಣದ ಚಿಗುರು ತಳೆಯುತ್ತದೆ. ಮಳೆ ಬಂದ ಮೇಲೆ ಗಿಡ ಚಿಗುರುತ್ತದೆಂದು ನಾವು ತಿಳಿದಿದ್ದೆವು. ಅರಳಿ ಮಳೆಗೆ ಎರಡು ಮೂರು ತಿಂಗಳು ಮೊದಲೇ ಚಿಗುರಿ ನಿಂತಿರುತ್ತದೆ.

ಎಣಿಸಿ ನೋಡಿದರೆ ಆರಲ್ಲ, ಏಳೆಂಟು ಋತುಗಳು ಸಿಕ್ಕಾವು. ವರ್ಷದ ಲೆಕ್ಕಕ್ಕೆ ಸಿಗದ ಋತುಗಳೂ ಇವೆ. ಈ ಭಾಗದ ಗುಡ್ಡಗಳಲ್ಲಿ ಕಾರ್ವಿ ಎಂಬ ಗಿಡ ಎಂಟು ವರ್ಷಕ್ಕೊಮ್ಮೆ ಒಟ್ಟಾಗಿ ಹೂ ಬಿಡುತ್ತದೆ. ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಅದು 2008, 2016, 2024ರಲ್ಲಿ ಅರಳಿತು. ಕೇರಳದ ಮುನ್ನಾರಿನ ನೀಲಕುರಿಂಜಿಗೆ ಹನ್ನೆರಡು ವರ್ಷ. 2006ರಲ್ಲಿ ಅರಳಿದ್ದು ಮತ್ತೆ 2018ರಲ್ಲಿ. ಒಮ್ಮೆ ತಪ್ಪಿದರೆ ಎಷ್ಟು ಕಾಯಬೇಕೆಂಬುದನ್ನು ಇವುಗಳಿಂದ ತಿಳಿಯಬಹುದು.

ಒಂದು ವರ್ಷದ ಚಿತ್ರಗಳನ್ನು ಮುಂದಿನ ವರ್ಷದವುಗಳ ಪಕ್ಕದಲ್ಲಿಟ್ಟಾಗ ಇನ್ನೊಂದು ವಿಷಯ ಹೊರಬಿದ್ದಿತು. ಆರಿದ್ರಾದ ಚಿತ್ರಗಳನ್ನೇ ನೋಡಿರಿ. 2023ರಲ್ಲಿ ಆ ಚಿತ್ರ ತೆಗೆದದ್ದು ಜೂನ್ 25, ರವಿವಾರ. ಮಳೆಗಾಲ ಮುಂಬಯಿಗೂ ದಿಲ್ಲಿಗೂ ಒಂದೇ ದಿನ ತಲುಪಿತೆಂದು ಹವಾಮಾನ ಇಲಾಖೆ ಸಾರಿದ್ದು ಅದೇ ದಿನ. 1961ರ ನಂತರ ಹಾಗೆ ಆಗಿರಲಿಲ್ಲ. ನಮ್ಮ ಚಿತ್ರದಲ್ಲಿ ಬೆಟ್ಟ ಇನ್ನೂ ಒಣಗಿಯೇ ಇದೆ, ಮೇಲೆ ಮಳೆಯ ತೆರೆ ಇಳಿದಿದೆ. 2025ರಲ್ಲಿ ನಾವು ರೋಹಿಣಿಯ ಚಿತ್ರ ತೆಗೆದದ್ದು ಮೇ 25ರ ರವಿವಾರ. ಮರುದಿನ, ಮೇ 26ಕ್ಕೆ, ಮಳೆಗಾಲ ಮುಂಬಯಿಗೆ ಬಂದಿತು. ವಾಡಿಕೆಯ ದಿನ ಜೂನ್ 11. ಅಷ್ಟು ಬೇಗ ಬಂದದ್ದು 75 ವರ್ಷಗಳಲ್ಲಿ ಅದೇ ಮೊದಲು. ಆ ವರ್ಷದ ಆರಿದ್ರಾ ಚಿತ್ರದಲ್ಲಿ ಬೆಟ್ಟ ನೆತ್ತಿಯವರೆಗೆ ಹಸಿರು. ನಕ್ಷತ್ರ ಒಂದೇ, ಜಾಗ ಒಂದೇ, ಪಾದದ ಗುರುತು ಒಂದೇ. ಎರಡು ಬೇರೆ ಬೆಟ್ಟಗಳೋ ಎಂಬಂತೆ ಕಾಣುತ್ತವೆ. ಅಪ್ಪ ಇದ್ದಿದ್ದರೆ ಈ ಎರಡು ಚಿತ್ರಗಳನ್ನು ಬಹಳ ಹೊತ್ತು ನೋಡುತ್ತಿದ್ದರು. ಬಿತ್ತುವವನಿಗೆ ಈ ಅಂತರ ಬರೀ ಚಿತ್ರವಲ್ಲ.

ಒಂದನ್ನೇ ಮತ್ತೆ ಮತ್ತೆ ನೋಡುವ ಈ ಕ್ರಮ ನಾವು ಕಂಡುಹಿಡಿದದ್ದೇನೂ ಅಲ್ಲ. ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೋನೆ 1890-91ರಲ್ಲಿ ತನ್ನ ಮನೆಯ ಹತ್ತಿರದ ಹೊಲದ ಬಣವೆಗಳನ್ನು ಸುಮಾರು 25 ಸಲ ಬರೆದನು. ಬೇಸಿಗೆಯ ಕೊನೆಯ ಬಿಸಿಲಿನಲ್ಲಿ, ಇಬ್ಬನಿಯಲ್ಲಿ, ಹಿಮದಲ್ಲಿ. ಬಣವೆ ನಮ್ಮ ಊರಿನಲ್ಲಿಯೂ ಇತ್ತು. ಅದರ ಕಡೆಗೆ ಎರಡನೆಯ ಸಲ ತಿರುಗಿ ನೋಡಬೇಕೆಂದು ನಮಗೆ ಹೊಳೆದಿರಲಿಲ್ಲ, ಅಷ್ಟೆ. ವಿಜ್ಞಾನಿಗಳಿಗೂ ಈ ಕ್ರಮ ಗೊತ್ತು. 1880ರ ದಶಕದ ಕೊನೆಯಲ್ಲಿ ಜರ್ಮನಿಯ ಸೆಬಾಸ್ಟಿಯನ್ ಫಿನ್‌ಸ್ಟರ್‌ವಾಲ್ಡರ್ ಎಂಬ ಗಣಿತಜ್ಞರು ಆಲ್ಪ್ಸ್ ಪರ್ವತದ ಹಿಮನದಿಗಳನ್ನು ಚಿತ್ರ ತೆಗೆದು ಅಳೆಯತೊಡಗಿದರು. ನಿಂತ ಜಾಗದಲ್ಲಿಯೇ ವರ್ಷಗಳ ಮೇಲೆ ಮತ್ತೆ ನಿಂತು ತೆಗೆದರೆ ಹಿಮ ಎಷ್ಟು ಸರಿದಿದೆಯೆಂದು ತಿಳಿಯುತ್ತದೆ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಕಥೆ. 1960ರಲ್ಲಿ ನ್ಯೂಜಿಲೆಂಡಿನ ಬ್ರಯಾನ್ ಬ್ರೇಕ್ ಎಂಬ ಛಾಯಾಗ್ರಾಹಕರು ನಮ್ಮ ದೇಶದ ಮಳೆಗಾಲವನ್ನು ಚಿತ್ರಿಸಲು ಬಂದರು. ಆ ಮಾಲೆ 1961ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಅಚ್ಚಾಗಿ ಲೋಕಪ್ರಸಿದ್ಧವಾಯಿತು. ಅದರಲ್ಲೆಲ್ಲ ಹೆಸರಾದದ್ದು, ಒಬ್ಬ ಬಾಲಕಿ ಮುಖವೆತ್ತಿ ಕಣ್ಣು ಮುಚ್ಚಿ ಮೊದಲ ಮಳೆಯ ಹನಿಗಳನ್ನು ಅನುಭವಿಸುವ ಚಿತ್ರ. ಆ ಬಾಲಕಿ ಮುಂದೆ ನಟಿಯೂ ನಿರ್ದೇಶಕಿಯೂ ಆದ ಅಪರ್ಣಾ ಸೇನ್. ಆದರೆ ಆ ಹನಿಗಳು ಮುಗಿಲಿನವಲ್ಲ. ಕಲ್ಕತ್ತೆಯ ಒಂದು ಮಾಳಿಗೆಯ ಮೇಲೆ ಗಿಡಕ್ಕೆ ನೀರು ಹಾಕುವ ಡಬ್ಬಿಯಿಂದ ಸುರಿದವು. ಚಿತ್ರ ಸುಂದರವಾಗಿದೆ, ಅದನ್ನು ನಾವು ಹೀಗಳೆಯುವುದಿಲ್ಲ. ಕಲಾವಿದರಿಗೆ ಆ ಸ್ವಾತಂತ್ರ್ಯ ಉಂಟು. ಆದರೆ ನಮ್ಮಂಥವರಿಗೆ ಬೇಕಾದದ್ದು ಬೇರೆ. ನಮಗೆ ಬೇಕಾದದ್ದು ಸಾಕ್ಷಿ. ಆ ದಿನ ಮಳೆ ಬಂದಿತ್ತೇ, ಇಲ್ಲವೇ ಎಂಬುದು.

ಈಗ ಮತ್ತೆ ಊರಿನ ಕಡೆಗೆ. ಒಂದು ವರ್ಷದ 27 ಚಿತ್ರಗಳನ್ನು ಸಣ್ಣ ಕಾಗದದ ಮೇಲೆ ಅಚ್ಚು ಹಾಕಿಸಿ ಅವ್ವನಿಗೆ ಒಯ್ದುಕೊಟ್ಟೆವು. ಅವಳು ಹಾಸಿಗೆಯ ಮೇಲೆ ಸಾಲಾಗಿ ಹರವಿಕೊಂಡು, “ನೀ ಇರೂದು ಇಂಥಾ ಊರಾಗ ಅಂತ ನನಗ ಗೊತ್ತೇ ಇರಲಿಲ್ಲಲ್ಲೋ” ಎಂದಳು. ಅಷ್ಟು ವರ್ಷ ನಾವು ಅವಳಿಗೆ ಹೇಳಿದ್ದು ಗಾಡಿಯ ಗದ್ದಲ, ನೀರಿನ ಸಾಲು, ಖೋಲಿಯ ಬಾಡಿಗೆ ಇವನ್ನಷ್ಟೆ.

ಅಂದಿನಿಂದ ತಮ್ಮನ ಮಗನಿಗೂ ಈ ನೇಮ ಹಚ್ಚಿದ್ದೇವೆ. ಅವನು ಬಾವಿಯ ದಂಡೆಯ ಒಂದು ಕಲ್ಲಿನ ಮೇಲೆ ನಿಂತು ಅದೇ ರವಿವಾರ ಹೊಲದ ಚಿತ್ರ ಕಳಿಸುತ್ತಾನೆ. ಕಬ್ಬು ವರ್ಷದ ಬಹುಭಾಗ ಹಸಿರಾಗಿಯೇ ಇರುವುದರಿಂದ ಅವ್ವ, “ಕಬ್ಬಿಗೆ ಕಾಲ ಇಲ್ಲಪಾ” ಎನ್ನುತ್ತಾಳೆ. ಆದರೂ ಬದುವಿನ ಬೇವಿನ ಮರ ಉಳಿದಿದೆ. ಯುಗಾದಿಯ ಸುಮಾರಿಗೆ ಅದು ಕೆಂಪು ಚಿಗುರು ಬಿಟ್ಟು ಹೂ ಮುಚ್ಚುವುದನ್ನು ನಾವು ಇಲ್ಲಿ ಕುಳಿತೇ ಕಾಣುತ್ತೇವೆ. ಕಳೆದ ಎಳ್ಳಮಾವಾಸ್ಯೆಗೆ ಹುಡುಗ ಪಕ್ಕದವರ ಜೋಳದ ಹೊಲದ ಚಿತ್ರವೊಂದನ್ನು ಕಳಿಸಿದ್ದನು. ಬಹಳ ಚೆನ್ನಾಗಿ ಬಂದಿತ್ತು. ಇದನ್ನೇ ಅಪ್ಪನ ಪಟದ ಪಕ್ಕದಲ್ಲಿ ಹಾಕೋಣವೇ ಎಂದು ಅವ್ವನನ್ನು ಕೇಳಿದೆವು. “ಬ್ಯಾಡ, ಅದು ಮಂದಿ ಹೊಲ” ಎಂದಳು. ಅವಳ ಮಾತು ಸರಿ. ಆ ಜಾಗ ಹಾಗೆಯೇ ಇದೆ.

ಮೂರು ವರ್ಷಕ್ಕೆ ಲೆಕ್ಕದ ಪ್ರಕಾರ 81 ಚಿತ್ರಗಳಾಗಬೇಕಿತ್ತು. ನಮ್ಮಲ್ಲಿರುವುದು 75. ಜ್ವರ ಬಂದದ್ದು, ಗಿರಣಿಯಲ್ಲಿ ಹೆಚ್ಚಿನ ಪಾಳಿ ಬಿದ್ದದ್ದು, ಅಳಿಸಿದ್ದು, ಹೀಗೆ ಆರು ತಪ್ಪಿದವು. ಗುಮಾಸ್ತನಾದವನು ಲೆಕ್ಕದಲ್ಲಿ ಕೊರತೆಯನ್ನು ಮುಚ್ಚಿಡಬಾರದು. ಆ ಜಾಗಗಳನ್ನು ಖಾಲಿ ಬಿಟ್ಟು ಕಾರಣ ಬರೆದಿಟ್ಟಿದ್ದೇವೆ.

ಕೊನೆಗೆ ತಮ್ಮಲ್ಲಿ ಒಂದು ಅರಿಕೆ. ಓದುವ ಮೇಜಿನ ಹಿಂದಿನ ಗೋಡೆ ಬರಿದಾಗಿದೆ. ಅಲ್ಲಿ ಒಂದು ಹಲಗೆ ಹಾಕಲು ಕಾರ್ಯದರ್ಶಿಗಳು ಒಪ್ಪಿದ್ದಾರೆ. ತಮ್ಮಲ್ಲಿ ಯಾರಿಗೆ ಮನಸ್ಸಿದೆಯೋ ಅವರು ತಾವು ದಿನಾಲೂ ಕಾಣುವ ಒಂದೇ ಒಂದು ಜಾಗವನ್ನು ಆರಿಸಿಕೊಳ್ಳಿರಿ. ಬೆಟ್ಟವೇ ಬೇಕೆಂದಿಲ್ಲ, ಖಾಡಿಯ ದಂಡೆ, ಸ್ಟೇಶನ್ನಿನ ಹತ್ತಿರದ ಒಂದು ಮರ, ಹೋಟೆಲಿನ ಹಿಂದಿನ ಓಣಿಯ ಮೇಲಿನ ತುಂಡು ಆಕಾಶ, ಯಾವುದಾದರೂ ಸರಿ. ಪಾದದ ಗುರುತು ಮಾಡಿ, ನಕ್ಷತ್ರಕ್ಕೊಂದು ಚಿತ್ರ ತೆಗೆಯಿರಿ. ಹಿಂದೆ ತಾರೀಖು, ನಕ್ಷತ್ರ, ಜಾಗ ಬರೆಯಿರಿ. ಅದೇ ದಿನ ಊರಿನಲ್ಲಿ ಒಬ್ಬರು ತಮ್ಮ ಹೊಲದ್ದೋ, ತೋಟದ್ದೋ, ಕೆರೆಯದೋ ಒಂದು ಚಿತ್ರ ತೆಗೆಯುವಂತೆ ಹೇಳಿರಿ. ಎರಡನ್ನೂ ಪಕ್ಕಪಕ್ಕದಲ್ಲಿ ಹಚ್ಚೋಣ.

ಅದರಲ್ಲಿಯೂ ಹಿರಿಯರು ಇನ್ನೂ ಹೊಲದಲ್ಲಿ ದುಡಿಯುತ್ತಿರುವ ಮನೆಗಳವರಿಗೆ ನಮ್ಮ ಮಾತು ವಿಶೇಷವಾಗಿ ಸಲ್ಲುತ್ತದೆ. ಅವರು ಬಿಡುವಾಗಿ ಕುಳಿತಾಗಿನ ಚಿತ್ರ ನಿಮ್ಮ ಬಳಿ ಆಗಲೇ ಇದ್ದೀತು. ಬೆಳೆ ನಿಂತಾಗಿನದನ್ನು ಈ ವರ್ಷವೇ ತೆಗೆಸಿಡಿರಿ. ಮುಂದಿನ ವರ್ಷಕ್ಕೆ ಬಿಡಬೇಡಿರಿ.

ಚಿತ್ರಗಳನ್ನು ಮೇಜಿನ ಮೇಲೆ ಕ್ರಮವಾಗಿ ಇಟ್ಟಿದ್ದೇವೆ. ಚಹದ ನಂತರ ಬಂದು ನೋಡಬೇಕು. ನೋಡಿದ ಮೇಲೆ ತಿರುಗಿ ಅದೇ ಕ್ರಮದಲ್ಲಿ ಇಡಬೇಕೆಂದು ಪ್ರಾರ್ಥನೆ.